ಪಗಾರದಲ್ಲಿ ಕಟಾವಾಗುವ ವಿಮೆ, ಪಡಿತರ ಚೀಟಿಯ ವಿಮೆ, ಸೊಸೈಟಿಯ ವಿಮೆ, ಕೊಂಡ ವಿಮೆ: ನಮ್ಮ ಸೀಮೆಯ ಕುಟುಂಬ ಯಾವುದನ್ನು ಹಿಡಿಯಬೇಕು?

ಗಂಗಾವತಿಯ ಅಕ್ಕಿ ಗಿರಣಿಗಳ ಲೆಕ್ಕಪತ್ರ ಬರೆಯುವ ಕೆಲಸದಲ್ಲಿ ನಾನು ಹಲವು ವರ್ಷ ಕಳೆದಿದ್ದೇನೆ. ಹೊಸ ಕೆಲಸಗಾರನ ಹೆಸರು ಹಾಜರಿ ಪುಸ್ತಕಕ್ಕೆ ಏರುವ ದಿನವೇ ಅವನಿಂದ ಬರುವ ಪ್ರಶ್ನೆಯೊಂದಿದೆ: “ಇಎಸ್‌ಐ ಕಟಾವು ಬ್ಯಾಡ ಅಂದ್ರ ನಡೀತದೇನ್ರೀ?” ಇಎಸ್‌ಐ ಎಂದರೆ ನೌಕರರ ರಾಜ್ಯ ವಿಮೆ, ಪಗಾರದಲ್ಲೇ ಕಡ್ಡಾಯವಾಗಿ ಕಟಾವಾಗುವ ವಿಮೆ. ತಿಂಗಳಿಗೆ 12,000 ರೂಪಾಯಿ ಪಗಾರದವನಿಗೆ ಕಟಾವಾಗುವುದು 90 ರೂಪಾಯಿ. ಅವನ ಮನೆಯಲ್ಲಿ ಬಿಪಿಎಲ್ ಪಡಿತರ ಚೀಟಿ ಇದೆ, ಅದರ ಮೇಲೆ ಐದು ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ ಎಂದು ಅವನು ಕೇಳಿದ್ದಾನೆ. ಊರಿನ ಸಹಕಾರ ಸಂಘದಲ್ಲಿ ಯಶಸ್ವಿನಿ ಎಂಬ ಆರೋಗ್ಯ ಯೋಜನೆಗೆ ಹೆಸರು ಬರೆಸಿಕೊಳ್ಳುತ್ತಿದ್ದಾರೆ. ಪಾಲಿಸಿ ಮಾರುವವರು ಗಿರಣಿಯ ಬಾಗಿಲಿಗೇ ಬರುತ್ತಾರೆ. ಇಷ್ಟೆಲ್ಲ ಇರುವಾಗ ಸರಕಾರ ಒಂದನ್ನು ಮಾತ್ರ ಕಡ್ಡಾಯ ಮಾಡಿ, ಕೇಳದೆಯೇ ದುಡ್ಡು ಹಿಡಿಯುವುದೇಕೆ ಎಂಬ ಅವನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನಿಂತ ನಿಲುವಿನಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೋಲಿಕೆಗೆ ಕೂರುವವರು ಸಾಮಾನ್ಯವಾಗಿ ವಿಮೆಯ ಮೊತ್ತವನ್ನು ನೋಡುತ್ತಾರೆ: ಇದು ಐದು ಲಕ್ಷ, ಅದು ಮೂರು ಲಕ್ಷ. ನಾನೂ ಹಾಗೆಯೇ ನೋಡುತ್ತಿದ್ದೆ. ನನ್ನ ಅಣ್ಣ ರಾಯಚೂರು ಕಡೆಯ ಹತ್ತಿ ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಅವನಿಗೆ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ಚಿಕಿತ್ಸೆಯ ಖರ್ಚನ್ನು ಪಡಿತರ ಚೀಟಿಯ ಯೋಜನೆಯೇ ಭರಿಸಿತು, ಆ ಉಪಕಾರವನ್ನು ನಮ್ಮ ಮನೆ ಮರೆಯುವುದಿಲ್ಲ. ಆದರೆ ಆಮೇಲಿನ ಮೂರು ತಿಂಗಳು ಅವನಿಗೆ ಭಾರ ಎತ್ತುವಂತಿರಲಿಲ್ಲ, ಪಗಾರ ಇರಲಿಲ್ಲ, ಅತ್ತಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದ ಸಾಲ ತೀರಲು ಎರಡು ಸುಗ್ಗಿ ಬೇಕಾಯಿತು. ಆಸ್ಪತ್ರೆಯ ಬಿಲ್ಲಿಗಿಂತ ದುಡಿಮೆ ನಿಂತ ದಿನಗಳೇ ಆ ಮನೆಯನ್ನು ಬಾಗಿಸಿದವು. ಅಂದಿನಿಂದ ನಾನು ಯಾವ ವಿಮೆಯನ್ನು ಅಳೆಯುವಾಗಲೂ ಮೂರು ಸಂಗತಿಗಳನ್ನು ಮೊದಲು ಕೇಳುತ್ತೇನೆ: ಬಿಲ್ಲಿನ ಆಚೆಗೆ ಅದು ಏನನ್ನು ತುಂಬಿಕೊಡುತ್ತದೆ, ನನ್ನನ್ನು ಯಾರಾದರೂ ಅದರಿಂದ ಹೊರಗೆ ಹಾಕಬಹುದೇ, ಮತ್ತು ಅದರ ಬಾಗಿಲು ನಮ್ಮ ಊರಿನಿಂದ ಎಷ್ಟು ದೂರ.

ಕಡ್ಡಾಯದ ದಾರಿ: ಇಎಸ್‌ಐ

ನೌಕರರ ರಾಜ್ಯ ವಿಮಾ ಕಾಯ್ದೆ 1948ರದು. ಯೋಜನೆ ಜಾರಿಗೆ ಬಂದದ್ದು 1952ರ ಫೆಬ್ರುವರಿ 24ರಂದು, ಮೊದಲು ಕಾನ್ಪುರ ಮತ್ತು ದೆಹಲಿಯಲ್ಲಿ. ತಿಂಗಳ ವೇತನ 21,000 ರೂಪಾಯಿವರೆಗೆ ಇರುವ ನೌಕರರು ಇದರ ವ್ಯಾಪ್ತಿಗೆ ಬರುತ್ತಾರೆ, ಈ ಮಿತಿ 2017ರ ಜನವರಿಯಿಂದ ಇದೆ. 2019ರ ಜುಲೈಯಿಂದ ನೌಕರನ ಪಾಲು ವೇತನದ ಶೇ 0.75, ಮಾಲೀಕನ ಪಾಲು ಶೇ 3.25. ಮೇಲೆ ಹೇಳಿದ 12,000 ರೂಪಾಯಿಯ ಪಗಾರಕ್ಕೆ ನೌಕರ 90 ರೂಪಾಯಿ ಕೊಟ್ಟರೆ ಮಾಲೀಕ 390 ರೂಪಾಯಿ ಸೇರಿಸಿ ಕಟ್ಟಬೇಕು. ಆದ್ದರಿಂದ “ಕಟಾವು ಬೇಡ” ಎನ್ನುವ ಕೆಲಸಗಾರ ಉಳಿಸಿಕೊಳ್ಳುವುದು ತನ್ನ 90 ರೂಪಾಯಿಯನ್ನು ಮಾತ್ರ. ಬಿಟ್ಟುಕೊಡುವುದು ಮಾಲೀಕನ 390 ರೂಪಾಯಿಯನ್ನು. ಮಾಲೀಕರಲ್ಲಿ ಕೆಲವರು ಆ ಮಾತನ್ನು ಸಂತೋಷದಿಂದ ಒಪ್ಪಿಕೊಳ್ಳುವುದೇಕೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಕಾನೂನಿನ ಪ್ರಕಾರ ಈ ಆಯ್ಕೆ ಇಬ್ಬರಿಗೂ ಇಲ್ಲ.

ಕೊಡುವುದೇನು? ನೌಕರನಿಗೂ ಅವನ ಕುಟುಂಬಕ್ಕೂ ಚಿಕಿತ್ಸೆ, ಹೊರರೋಗಿಯಾಗಿ ಪಡೆಯುವ ಔಷಧ ಸಮೇತ, ಖರ್ಚಿಗೆ ತಲಾ ಮಿತಿಯಿಲ್ಲದೆ. ಹಳೆಯ ರೋಗವಿದೆ ಎಂದು ಯಾರನ್ನೂ ಹೊರಗಿಡುವುದಿಲ್ಲ. ನಲವತ್ತರ ಸಕ್ಕರೆ ಕಾಯಿಲೆಯವನಿಗೂ ಇಪ್ಪತ್ತರ ಗಟ್ಟಿಮುಟ್ಟಾದವನಿಗೂ ಒಂದೇ ದರ. ಆದರೆ ನನ್ನ ಮಟ್ಟಿಗೆ ಇದರ ಜೀವ ಇರುವುದು ನಗದು ಸೌಲಭ್ಯದಲ್ಲಿ. ಕಾಯಿಲೆ ಬಿದ್ದು ಕೆಲಸಕ್ಕೆ ಬರಲಾಗದ ದಿನಗಳಿಗೆ ವೇತನದ ಶೇ 70ರಷ್ಟು ಹಣ, ವರ್ಷಕ್ಕೆ 91 ದಿನಗಳವರೆಗೆ. 12,000 ರೂಪಾಯಿಯವನಿಗೆ ದಿನದ ಕೂಲಿ 400 ಎಂದು ಹಿಡಿದರೆ ದಿನಕ್ಕೆ 280 ರೂಪಾಯಿ, 91 ದಿನಕ್ಕೆ 25,480 ರೂಪಾಯಿ. ವರ್ಷಕ್ಕೆ ಅವನ ಜೇಬಿನಿಂದ ಹೋಗುವುದು 1,080 ರೂಪಾಯಿ. ಕ್ಷಯ, ಕ್ಯಾನ್ಸರ್‌ನಂಥ ಪಟ್ಟಿ ಮಾಡಿದ ದೀರ್ಘ ಕಾಯಿಲೆಗಳಿಗೆ ಶೇ 80ರ ದರದಲ್ಲಿ ಎರಡು ವರ್ಷದವರೆಗೆ ಹಣ ಮುಂದುವರಿಯುತ್ತದೆ. ಹೆರಿಗೆಗೆ 26 ವಾರ ಪೂರ್ತಿ ವೇತನ. ಕೆಲಸದಲ್ಲಿ ಅಪಘಾತವಾಗಿ ಕೈಕಾಲು ಹೋದರೆ ಅಥವಾ ಸತ್ತರೆ ನೌಕರನಿಗೆ ಇಲ್ಲವೇ ಅವಲಂಬಿತರಿಗೆ ವೇತನದ ಶೇ 90ರ ಆಧಾರದ ಮೇಲೆ ಮಾಸಿಕ ಹಣ. ಈ ನಾಲ್ಕು ದಾರಿಗಳ ಪೈಕಿ ದುಡಿಮೆ ನಿಂತ ಮನೆಗೆ ಅಕ್ಕಿ ತರುವ ಹಣವನ್ನು ಕೊಡುವುದು ಇದೊಂದೇ. ನನ್ನ ಅಣ್ಣನಿಗೆ ಇದು ಇದ್ದಿದ್ದರೆ ಆ ಬಡ್ಡಿ ಸಾಲ ಬೇಕಾಗುತ್ತಿರಲಿಲ್ಲ.

ಷರತ್ತುಗಳನ್ನೂ ಹೇಳಬೇಕು. ಕಾಯಿಲೆಯ ಹಣಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದರ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದರ ಫಲ ಜುಲೈಯಿಂದ ಡಿಸೆಂಬರ್‌ವರೆಗೆ. ಗಿರಣಿಗಳಲ್ಲಿ ಭತ್ತದ ಆವಕ ಏರಿಳಿಯುವಂತೆ ಹಾಜರಿಯೂ ಏರಿಳಿಯುತ್ತದೆ. 70 ದಿನಕ್ಕೆ ನಿಂತುಹೋದವರನ್ನು ನಾನು ನೋಡಿದ್ದೇನೆ. ಹಾಜರಿಯನ್ನು ತಾವೇ ಬರೆದಿಟ್ಟುಕೊಂಡು, 78ರ ಸಮೀಪ ಬಂದಾಗ ಗುಳೆಗೋ ಊರ ಜಾತ್ರೆಗೋ ಹೊರಡುವ ಮುನ್ನ ಒಮ್ಮೆ ಎಣಿಸಿಕೊಳ್ಳುವುದು ಒಳ್ಳೆಯದು. ಹಮಾಲರು ಗುತ್ತಿಗೆದಾರನ ಕೈಕೆಳಗೆ ಇದ್ದಾರೆಂಬ ಕಾರಣಕ್ಕೆ ಹೊರಗುಳಿಯುವುದಿಲ್ಲ. ಗುತ್ತಿಗೆದಾರ ಕಟ್ಟದಿದ್ದರೆ ಮುಖ್ಯ ಮಾಲೀಕನೇ ಹೊಣೆ.

ಇನ್ನು ಬಾಗಿಲಿನ ದೂರ. ಇಎಸ್‌ಐಯ ದೊಡ್ಡ ದೌರ್ಬಲ್ಯ ಇರುವುದು ಇಲ್ಲಿಯೇ. ಚಿಕಿತ್ಸಾಲಯಗಳಲ್ಲಿ ಔಷಧದ ಕೊರತೆ, ವೈದ್ಯರ ಖಾಲಿ ಹುದ್ದೆ ಎಂಬ ದೂರುಗಳನ್ನು ನಾನು ಅಲ್ಲಗಳೆಯಲಾರೆ. ನಮ್ಮ ಸೀಮೆಗೆ ಹತ್ತಿರದ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆ ಕಲಬುರಗಿಯಲ್ಲಿದೆ. ರಾಯಚೂರಿನವರಿಗೆ ವಾಡಿಯ ಮೇಲೆ ರೈಲಾದರೂ ಉಂಟು, ಕೊಪ್ಪಳದವರಿಗೆ ಅದು ಒಂದು ಇಡೀ ದಿನದ ಕೆಲಸ. ಪ್ರತಿ ತಿಂಗಳು ಹಣ ಹಿಡಿಯುವ ಕಾನೂನು, ಹಿಡಿದ ಜಿಲ್ಲೆಯಲ್ಲೇ ಹಾಸಿಗೆ ಒದಗಿಸುವ ಹೊಣೆಯನ್ನೂ ಅಷ್ಟೇ ಬಿಗಿಯಾಗಿ ಹೊರಬೇಕು. ಕಡ್ಡಾಯದ ವಿರೋಧಿಗಳ ವಾದಗಳಲ್ಲಿ ನಾನು ಪೂರ್ತಿಯಾಗಿ ಒಪ್ಪುವ ವಾದ ಇದು.

ಕಾನೂನಿನ ಬೇಲಿ ಎಲ್ಲಿ ನಿಲ್ಲುತ್ತದೆ

ಇಎಸ್‌ಐ ಒಳ್ಳೆಯದೆಂದು ಒಪ್ಪಿದ ಮೇಲೂ, ಅದು ಕೊಪ್ಪಳ, ರಾಯಚೂರು, ಬಳ್ಳಾರಿ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಯಾರಿಗೆ ಸಿಗುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಅದು ಅನ್ವಯ. 1948ರ ಕಾಯ್ದೆ ಋತುಮಾನದ ಕಾರ್ಖಾನೆಗಳನ್ನು ಹೊರಗಿಟ್ಟು ಅವುಗಳ ಪಟ್ಟಿ ಕೊಟ್ಟಿತ್ತು: ಹತ್ತಿ ಜಿನ್ನಿಂಗ್, ಹತ್ತಿ ಒತ್ತುವಿಕೆ, ಶೇಂಗಾ ಸುಲಿಯುವಿಕೆ, ಸಕ್ಕರೆ ಮತ್ತು ಬೆಲ್ಲ. ರಾಯಚೂರಿನ ಹತ್ತಿ, ಬಳ್ಳಾರಿಯ ಶೇಂಗಾ ಬಲ್ಲವರಿಗೆ ಇದು ನಮ್ಮ ಊರುಗಳನ್ನು ನೋಡಿಯೇ ಬರೆದ ಪಟ್ಟಿಯಂತೆ ಕಾಣುತ್ತದೆ. ಅದೇ ಕಾಯ್ದೆ, ಗಣಿ ಕಾಯ್ದೆಗೆ ಒಳಪಡುವ ಗಣಿಗಳನ್ನು ಕಾರ್ಖಾನೆಯ ವ್ಯಾಖ್ಯೆಯಿಂದ ಹೊರಗಿಟ್ಟಿತು. ಸಂಡೂರಿನ ಅದಿರು, ಹಟ್ಟಿಯ ಚಿನ್ನ ಎರಡೂ ಆ ಗೆರೆಯ ಆಚೆಗೆ ಬಿದ್ದವು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಗಣಿಯೂ ಒಂದು ಸಂಸ್ಥೆ ಎಂದಾಗಿದೆ, ಋತುಮಾನದ ಕಾರ್ಖಾನೆ ಮಾತ್ರ ಈಗಲೂ ಹೊರಗೇ ಇದೆ. ಬಳ್ಳಾರಿಯ ಜೀನ್ಸ್ ಹೊಲಿಗೆಯ ಬಹುಪಾಲು ನಡೆಯುವುದು ಮನೆಗಳಲ್ಲಿ ಮತ್ತು ಸಣ್ಣ ಘಟಕಗಳಲ್ಲಿ. ಒಂದೇ ಸೂರಿನ ಕೆಳಗೆ ಎರಡು ಹೆಸರಿನ ಫಲಕ ಹಾಕಿ ತಲಾ ಎಂಟು ಜನರನ್ನು ತೋರಿಸಿದ್ದನ್ನೂ ನಾನು ಕಂಡಿದ್ದೇನೆ. ತುಂಗಭದ್ರೆಯ ಕಾಲುವೆಯ ಕೆಳಗೆ ಭತ್ತದ ನಾಟಿಗೆ ಬಗ್ಗುವ ಹೆಣ್ಣುಮಕ್ಕಳ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಕಡ್ಡಾಯ ವಿಮೆಯ ಪರ ಮಾತನಾಡುವವರು ಮೊದಲು ಕೇಳಬೇಕಾದದ್ದು ಈ ಬೇಲಿಯನ್ನು ಹೊರಗೆ ಸರಿಸಿ ಎಂದೇ.

ಕಡ್ಡಾಯ ಬೇಕೆ ಎಂಬ ವಾದ

ನಮ್ಮ ರೈತರಿಗೆ ಕಡ್ಡಾಯ ವಿಮೆಯ ಕಹಿ ಪರಿಚಯ ಮೊದಲೇ ಇದೆ. 2016ರ ಮುಂಗಾರಿನಿಂದ ಜಾರಿಯಾದ ಫಸಲ್ ಬಿಮಾ ಯೋಜನೆ ಬೆಳೆಸಾಲ ಪಡೆದವರಿಗೆ ಕಡ್ಡಾಯವಾಗಿತ್ತು. ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5 ಎಂದು ಸಾಲದಲ್ಲೇ ಹಿಡಿದುಕೊಂಡರು, ಪರಿಹಾರ ಬಂತೇ ಇಲ್ಲವೇ ಎಂದು ತಿಳಿಯಲು ಅಲೆದಾಡಬೇಕಾಯಿತು. 2020ರ ಮುಂಗಾರಿನಿಂದ ಅದನ್ನು ಐಚ್ಛಿಕ ಮಾಡಿದರು. “ಕೇಳದೆ ಹಿಡಿದ ದುಡ್ಡು ಹೋದ ದುಡ್ಡು” ಎಂಬ ಭಾವನೆ ಇಎಸ್‌ಐ ಬಗ್ಗೆಯೂ ಬಂದಿದ್ದರೆ ಅದರ ಬೇರು ಅಲ್ಲಿದೆ.

ಹಾಗಿದ್ದೂ ಆರೋಗ್ಯದ ವಿಷಯದಲ್ಲಿ ನಾನು ಕಡ್ಡಾಯದ ಪರ ನಿಲ್ಲುತ್ತೇನೆ. ಐಚ್ಛಿಕವೆಂದರೆ ಎದೆನೋವು ಶುರುವಾದವನು ಓಡಿಬಂದು ಸೇರುತ್ತಾನೆ, ಗಟ್ಟಿಯಿರುವವನು ಮುಂದಿನ ವರ್ಷ ನೋಡೋಣ ಎನ್ನುತ್ತಾನೆ. ನಿಧಿಯಲ್ಲಿ ರೋಗಿಗಳೇ ಉಳಿದಾಗ ಕಂತು ಏರುತ್ತದೆ, ಕಂತು ಏರಿದಷ್ಟೂ ಗಟ್ಟಿಯಿರುವವರು ದೂರ ಸರಿಯುತ್ತಾರೆ. ಇದನ್ನು ತಪ್ಪಿಸಲು ವಿಮೆ ಮಾರುವವನು ಹಳೆಯ ರೋಗಗಳಿಗೆ ಬಾಗಿಲು ಹಾಕುತ್ತಾನೆ. ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದವರು ತಮಗೆ ತೋಚಿದಷ್ಟು ನೀರು ಹರಿಸಿಕೊಂಡರೆ ಮಾನ್ವಿ, ಸಿರವಾರದ ಕೊನೆಭಾಗದ ಹೊಲ ಒಣಗುತ್ತದೆಂದು ಸರದಿಯ ಕಟ್ಟುಪಾಡನ್ನು ನಾವು ಒಪ್ಪುತ್ತೇವಲ್ಲ, ಇಲ್ಲಿ ಬೇಕಾಗಿರುವುದೂ ಅಂಥದ್ದೇ ಕಟ್ಟುಪಾಡು.

ಆದರೆ ಯಾರನ್ನು ಏನಕ್ಕೆ ಕಡ್ಡಾಯ ಮಾಡುತ್ತೇವೆ ಎಂಬುದರಲ್ಲಿ ದೊಡ್ಡ ವ್ಯತ್ಯಾಸವಿದೆ. 1883ರಲ್ಲಿ ಜರ್ಮನಿ ಕಾರ್ಮಿಕರನ್ನೂ ಮಾಲೀಕರನ್ನೂ ಒಂದು ನಿಧಿಗೆ ಕಟ್ಟಿಹಾಕಿತು. ನಮ್ಮ ಇಎಸ್‌ಐ ಆ ಕವಲಿನದು. 1948ರಲ್ಲಿ ಬ್ರಿಟನ್ ಬಹುಪಾಲು ತೆರಿಗೆಯ ಹಣದಿಂದ ಎಲ್ಲರಿಗೂ ಆಸ್ಪತ್ರೆ ತೆರೆಯಿತು. ಸ್ವಿಟ್ಜರ್ಲೆಂಡ್ 1996ರಿಂದ ಪ್ರತಿಯೊಬ್ಬ ನಿವಾಸಿಯೂ ವಿಮೆ ಕೊಳ್ಳಲೇಬೇಕೆಂದಿತು. ಅಮೆರಿಕದ 2010ರ ಕಾನೂನು ಕೊಳ್ಳದವರಿಗೆ ದಂಡ ಇಟ್ಟಿತು. ಅಲ್ಲಿನ ಸುಪ್ರೀಂ ಕೋರ್ಟ್ 2012ರಲ್ಲಿ ಅದನ್ನು ತೆರಿಗೆಯೆಂದು ಎತ್ತಿಹಿಡಿದರೂ, 2019ರಿಂದ ಕೇಂದ್ರದ ದಂಡ ಸೊನ್ನೆಯಾಯಿತು. ಖಾಸಗಿ ಕಂಪನಿಯ ಪಾಲಿಸಿಯನ್ನು ಕೊಳ್ಳಲೇಬೇಕೆಂದು ಪ್ರಜೆಯನ್ನು ಒತ್ತಾಯಿಸುವುದು ಬೇರೆ. ದುಡಿಸಿಕೊಳ್ಳುವವನು ದುಡಿಯುವವನ ದೇಹಕ್ಕೆ ಪಾಲು ಕೊಡಲೇಬೇಕು ಎನ್ನುವುದು ಬೇರೆ. ನಾನು ಸಮರ್ಥಿಸುವುದು ಎರಡನೆಯದನ್ನು.

ಪಡಿತರ ಚೀಟಿಯ ದಾರಿ

ಬೇಲಿಯ ಹೊರಗಿನವರಿಗೆ ನಿಜವಾದ ಆಸರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ರಾಜ್ಯದ ಯೋಜನೆ 2018ರ ಮಾರ್ಚ್‌ನಲ್ಲಿ ಆರಂಭವಾಗಿ ಅದೇ ವರ್ಷ ಕೇಂದ್ರದ ಯೋಜನೆಯೊಂದಿಗೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಮಿತಿಯೊಳಗೆ. ಕಂತು ಕಟ್ಟಬೇಕಿಲ್ಲ. ಇದನ್ನು ನಡೆಸುವುದು ವಿಮಾ ಕಂಪನಿಯಲ್ಲ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಹಣ ತೆರಿಗೆಯದು.

ಇದರ ಹಿಂದಿನ ರೂಪದ ಪರೀಕ್ಷೆ ನಡೆದದ್ದು ನಮ್ಮ ನೆಲದ ಮೇಲೆಯೇ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಜಾರಿಯಾದದ್ದು ಆಗಿನ ಗುಲಬರ್ಗಾ ವಿಭಾಗದಲ್ಲಿ. ಯೋಜನೆ ತಲುಪಿದ ಹಳ್ಳಿಗಳನ್ನೂ, ಗಡಿಯ ಆಚೆಗೆ ಇನ್ನೂ ತಲುಪದ ಹಳ್ಳಿಗಳನ್ನೂ ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಯೋಜನೆಯಡಿ ಬರುವ ರೋಗಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ತಲುಪಿದ ಕಡೆ ಶೇ 0.32, ತಲುಪದ ಕಡೆ ಶೇ 0.90. ಹೃದ್ರೋಗ ಮತ್ತು ಕ್ಯಾನ್ಸರ್ ಅವುಗಳಲ್ಲಿ ಮುಖ್ಯ. “ಸರಕಾರದ ಕಾರ್ಡಿನಿಂದ ಏನಾಗ್ತದೆ” ಎನ್ನುವವರಿಗೆ ಈ ಎರಡು ಅಂಕಿಗಳನ್ನು ನಾನು ಹೇಳುತ್ತೇನೆ.

ಇದರ ಮಿತಿ ಇರುವುದು ದಾರಿಯಲ್ಲಿ. ತುರ್ತು ಪಟ್ಟಿಯಲ್ಲಿರುವ ಕಾಯಿಲೆಗೆ ನೇರವಾಗಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಮಿಕ್ಕವಕ್ಕೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಪತ್ರ ಪಡೆಯಬೇಕು. ವಿಮ್ಸ್ ಎಂದೇ ಜನ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ನಮಗೆ ಆ ಪತ್ರದ ಬಾಗಿಲುಗಳು. ಪತ್ರವಿಲ್ಲದೆ ಹೈದರಾಬಾದಿಗೆ ಬಾಡಿಗೆ ಕಾರು ಮಾಡಿಕೊಂಡು ಹೋಗಿ, ಅಲ್ಲಿ ಬಿಲ್ಲು ಕಟ್ಟಿ ಬಂದ ಮೇಲೆ ಹಣ ಕೇಳಿದರೆ ಸಿಗುವುದಿಲ್ಲ. ಸಕ್ಕರೆ, ರಕ್ತದೊತ್ತಡದ ತಿಂಗಳ ಔಷಧವನ್ನು ಇದು ಖಾಸಗಿ ಅಂಗಡಿಯಿಂದ ಕೊಡಿಸುವುದಿಲ್ಲ. ಹೋದ ಕೂಲಿಯನ್ನಂತೂ ತುಂಬುವುದಿಲ್ಲ. ಇನ್ನೊಂದು ಆತಂಕ: ಪಡಿತರ ಚೀಟಿ ರದ್ದಾದರೆ ಅಥವಾ ಎಪಿಎಲ್‌ಗೆ ಬದಲಾದರೆ ಐದು ಲಕ್ಷವೂ ಅದರೊಂದಿಗೆ ಹೋಗುತ್ತದೆ.

ಸೊಸೈಟಿಯ ದಾರಿ

ಯಶಸ್ವಿನಿ 2003ರ ಜೂನ್‌ನಲ್ಲಿ ಸಹಕಾರಿ ರೈತರಿಗಾಗಿ ಶುರುವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, 2023ರ ಜನವರಿಯಿಂದ ಮತ್ತೆ ಬಂತು. ಮರಳಿ ಬಂದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500, ನಗರದ ಕುಟುಂಬಕ್ಕೆ 1,000 ರೂಪಾಯಿ ಕಂತು; ಪರಿಶಿಷ್ಟ ಜಾತಿ, ಪಂಗಡದವರ ಕಂತನ್ನು ಸರಕಾರವೇ ಭರಿಸುತ್ತದೆ; ಚಿಕಿತ್ಸೆಯ ಮಿತಿ ಐದು ಲಕ್ಷ. ಹಾಲಿನ ಸಂಘ ಅಥವಾ ಪತ್ತಿನ ಸಂಘದ ಸದಸ್ಯರಾಗಿದ್ದು ಬಿಪಿಎಲ್ ಚೀಟಿ ಇಲ್ಲದ ಮಧ್ಯಮ ರೈತರಿಗೆ ಈ ಬೆಲೆಗೆ ಸಮನಾದದ್ದು ಬೇರೆ ಇಲ್ಲ. ನೋಂದಣಿ ನಡೆಯುವುದು ನಿಗದಿತ ತಿಂಗಳುಗಳಲ್ಲಿ ಮಾತ್ರ. ಸುಗ್ಗಿಯ ಗಡಿಬಿಡಿಯಲ್ಲಿ ಆ ಅವಧಿ ಕೈತಪ್ಪಿದರೆ ವರ್ಷವಿಡೀ ಕಾಯಬೇಕು.

ಕೊಂಡ ಪಾಲಿಸಿ

ಪಗಾರ 21,000 ರೂಪಾಯಿ ದಾಟಿದವರು, ಅಂಗಡಿಕಾರರು, ಲಾರಿ ಮಾಲೀಕರು, ಎಪಿಎಲ್ ಕುಟುಂಬಗಳು ಇದನ್ನು ಗಂಭೀರವಾಗಿ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿ ಇಲ್ಲವಾಗಿದೆ. ಹಳೆಯ ರೋಗಕ್ಕೆ ಕಾಯಬೇಕಾದ ಅವಧಿಯ ಗರಿಷ್ಠ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. ಐದು ವರ್ಷ ಸತತವಾಗಿ ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು, ರೋಗ ಮುಚ್ಚಿಟ್ಟಿದ್ದೀರಿ ಎಂದು ತಿರಸ್ಕರಿಸುವಂತಿಲ್ಲ. ಪಾಲಿಸಿಗಳ ಭಾಷೆ ಗೊಂದಲವೆನಿಸಿದರೆ ಬೇರೆ ಬೇರೆ ಕಂಪನಿಗಳು ಒಂದೇ ಷರತ್ತಿನಲ್ಲಿ ಮಾರುವ ಆರೋಗ್ಯ ಸಂಜೀವನಿ ಎಂಬ ಪಾಲಿಸಿಯಿಂದ ಹೋಲಿಕೆ ಆರಂಭಿಸಬಹುದು. ಅದರಲ್ಲಿ ಬಿಲ್ಲಿನ ಶೇ 5 ನಿಮ್ಮದು, ಕೋಣೆಯ ಬಾಡಿಗೆಗೆ ಮಿತಿ ಉಂಟು. ಸಹಿ ಹಾಕುವ ಮುನ್ನ ಕೇಳಬೇಕಾದದ್ದು ಬಳ್ಳಾರಿ, ಹೊಸಪೇಟೆ, ರಾಯಚೂರಿನಲ್ಲಿ ನಗದುರಹಿತ ಆಸ್ಪತ್ರೆಗಳು, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ ಆಸ್ಪತ್ರೆಗಳು, ಯಾವುವು ಎಂದು. ಬೆಂಗಳೂರಿನ ಉದ್ದ ಪಟ್ಟಿ ನಡುರಾತ್ರಿಯ ಎದೆನೋವಿಗೆ ನೆರವಾಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಅರ್ಜಿಯಲ್ಲಿ ಬರೆಯಿರಿ, ಬರೆಯಬೇಡಿ ಎನ್ನುವ ಏಜೆಂಟರ ಮಾತಿಗೆ ಒಪ್ಪಬೇಡಿ.

ಯಾರಿಗೆ ಯಾವುದು

ಗಿರಣಿ, ಗಿಣಿಗೇರಿಯ ಉಕ್ಕಿನ ಕಾರ್ಖಾನೆ, ಶಕ್ತಿನಗರದ ಗುತ್ತಿಗೆ ಕೆಲಸ, ಆಸ್ಪತ್ರೆ, ಶಾಲೆ, ಹೋಟೆಲು, ಎಲ್ಲಿಯೇ ಆಗಲಿ ಇಎಸ್‌ಐಗೆ ಅರ್ಹತೆ ಇದ್ದರೆ ಅದನ್ನು ಬಿಡಬಾರದು. ಮಾಲೀಕ ಕಟಾವು ಮಾಡುತ್ತಿದ್ದಾನೆಂದರೆ ಕಟ್ಟುತ್ತಿದ್ದಾನೆಂದು ಅರ್ಥವಲ್ಲ; ಇಎಸ್‌ಐ ನಿಗಮದ ಜಾಲತಾಣದಲ್ಲಿ ನಿಮ್ಮ ಹತ್ತು ಅಂಕಿಯ ವಿಮಾ ಸಂಖ್ಯೆ ಹಾಕಿ ನೋಡಿಕೊಳ್ಳಬೇಕು. ಹೊಲಗೆಲಸ, ಜಿನ್ನಿಂಗ್, ಮನೆಯ ಹೊಲಿಗೆಯವರು ಆಯುಷ್ಮಾನ್ ಕಾರ್ಡನ್ನು ಕಾಯಿಲೆ ಬರುವ ಮುನ್ನವೇ ಮಾಡಿಸಿ, ಮನೆಯ ಎಲ್ಲರ ಆಧಾರ್ ಹೆಸರು ಪಡಿತರ ಚೀಟಿಯ ಹೆಸರಿಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಲಿ, ಕೂಲಿ ನಿಂತ ದಿನಗಳಿಗಾಗಿ ಸ್ವಸಹಾಯ ಸಂಘದಲ್ಲಿ ಬೇರೆ ಉಳಿತಾಯ ಇಡಲಿ. ಚಿಕ್ಕ ಹಿಡುವಳಿಯ ಎಪಿಎಲ್ ರೈತನಿಗೆ ಯಶಸ್ವಿನಿ. ಅದಕ್ಕೂ ಅರ್ಹತೆಯಿಲ್ಲದವನಿಗೆ ಪಾಲಿಸಿ, ಅದನ್ನು ಆರೋಗ್ಯ ಗಟ್ಟಿಯಿರುವಾಗಲೇ ಕೊಳ್ಳಬೇಕು.

ಗುಳೆ ಹೋಗುವವರಿಗೆ ಒಂದು ಮಾತು ಬಾಕಿ ಇದೆ. ಲಿಂಗಸುಗೂರಿನಿಂದ, ದೇವದುರ್ಗದಿಂದ ಬೆಂಗಳೂರಿಗೆ ಹೋಗಿ ಕಾವಲು ಕೆಲಸಕ್ಕೋ ಗಾರ್ಮೆಂಟಿಗೋ ಸೇರಿದವರಿಗೆ ಅಲ್ಲಿ ಇಎಸ್‌ಐ ಸಂಖ್ಯೆ ಸಿಗುತ್ತದೆ. ಕೆಲಸ ಬದಲಿಸಿದಾಗ ಹೊಸ ಸಂಖ್ಯೆ ಮಾಡಿಸದೆ ಹಳೆಯದನ್ನೇ ಕೊಡಿ, ಅದು ಜೀವನಪರ್ಯಂತ ನಿಮ್ಮದು. ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿಯ ಹೆಸರು ಮತ್ತು ಫೋಟೊ ಅದರಲ್ಲಿ ಸೇರಿರಬೇಕು. ಅವರು ಊರಲ್ಲೇ ಇದ್ದರೆ ಅವರ ಮಟ್ಟಿಗೆ ಬೇರೆ ಚಿಕಿತ್ಸಾಲಯವನ್ನು ಊರಿಗೆ ಹತ್ತಿರದಲ್ಲಿ ನಮೂದಿಸಲು ಅವಕಾಶವಿದೆ. ಬಹುತೇಕರ ಕಾರ್ಡಿನಲ್ಲಿ ಆ ಕಾಲಂ ಖಾಲಿ ಇರುವುದನ್ನು ನಾನು ನೋಡಿದ್ದೇನೆ. ಈ ಸಲ ಹಬ್ಬಕ್ಕೆ ಊರಿಗೆ ಬರುವಾಗ ಕಾರ್ಡಿನ ಪ್ರತಿಯನ್ನು ತಂದು, ತಾಯಿಯ ಆಧಾರ್ ಜೊತೆ ಇಟ್ಟು, ಹೆಸರಿನ ಒಂದೊಂದು ಅಕ್ಷರವನ್ನೂ ಹೋಲಿಸಿ ನೋಡಿ.